ಒಂದೇ ಬಾಣಲೆಯಲ್ಲಿ ಮೀನು ಮತ್ತು ತರಕಾರಿ: ಮುಂಬಯಿಗೆ ಹೊಸದಾಗಿ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂದಾಪುರದ ಕಡೆಯಿಂದ ಬಂದು ಮುಲುಂಡಿನಲ್ಲಿ ನೆಲೆಸಿದ ನಮ್ಮ ಮನೆಗೆ, ಊರಿನಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಭಾನುವಾರ ಊಟಕ್ಕೆ ಬರುವುದುಂಟು. ಮೀನಿನ ತಟ್ಟೆ ಎದುರಿಗೆ ಬಂದ ಕೂಡಲೇ ಅವರ ಮಾತು ಹೊರಡುತ್ತದೆ: ವಾರದ ದಿನಗಳಲ್ಲಿ ಇದು ನಮ್ಮಿಂದಾಗದು, ಲೋಕಲ್ ಇಳಿದು ಕೋಣೆ ಸೇರುವಾಗ ಎಂಟೂವರೆ, ಇರುವುದು ಒಂದು ಒಲೆ, ಒಂದು ಬಾಣಲೆ, ಮಿಕ್ಸಿಯೂ ಇಲ್ಲ. ಅವರಿಗೆಂದು ನಾನು ಹೇಳಿಕೊಡುತ್ತಾ ಬಂದ ಅಡುಗೆ ಇದು. ಕಡಲ ಬದಿಯ ಮಕ್ಕಳು ಕಡಲ ಬದಿಯ ಊರಿಗೇ ಬಂದು ಮೀನಿಲ್ಲದೆ ಬ್ರೆಡ್ಡು, ನೂಡಲ್ಸ್ ತಿಂದು ಮಲಗುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಸಿಮೀನಿನ ಜೊತೆ ತರಕಾರಿ ಹಾಕುವುದೇ? ನಮ್ಮ ಕಡೆ ಹಾಗೆ ಮಾಡುತ್ತಾರೆಯೇ?

ಮಾಡುತ್ತಾರೆ. ಚಟ್ಲಿಗೆ (ಅಂದರೆ ಸಿಗಡಿಗೆ) ಸೌತೆಕಾಯಿ, ಬಸಳೆಗೆ ಚಟ್ಲಿ, ಒಣಮೀನಿಗೆ ನುಗ್ಗೆಕಾಯಿ, ಬದನೆ, ಹರಿವೆ ದಂಟು, ಬೇಸಿಗೆಯ ಮೀನು ಸಾರಿಗೆ ಮಾವಿನಕಾಯಿ, ಮಳೆಗಾಲದಲ್ಲಿ ಅಂಬಟೆ. ಇವನ್ನೆಲ್ಲ ತಿಂದೇ ಬೆಳೆದವರು ನಾವು. ಮೀನು ಕಡಿಮೆ ಸಿಕ್ಕ ದಿನ ಪಾತ್ರೆ ತುಂಬಲು ಅಮ್ಮಂದಿರು ಕಂಡುಕೊಂಡ ಉಪಾಯ ಇದಾಗಿರಬಹುದು. ರುಚಿ ಮಾತ್ರ ಉಪಾಯದ ಮಟ್ಟಕ್ಕೆ ನಿಂತಿಲ್ಲ. ಇಲ್ಲಿನ ಮರಾಠಿ ಮನೆಗಳಲ್ಲಿ ಒಣ ಸಿಗಡಿಗೆ ಬದನೆಕಾಯಿ ಸೇರಿಸಿ ಮಾಡುವ ಸುಕಟ್-ವಾಂಗಿಯನ್ನು ಒಮ್ಮೆ ತಿಂದು ನೋಡಿ, ಕರಾವಳಿ ಎಷ್ಟು ಉದ್ದಕ್ಕೂ ಒಂದೇ ಎಂಬುದು ನಾಲಗೆಗೆ ತಿಳಿಯುತ್ತದೆ.

ಸರಿ, ಕ್ರಮ ಹೇಳಿ. ಇಬ್ಬರಿಗೆ ಎಷ್ಟು ಬೇಕು?

ಮುಳ್ಳಿನ ಸಮೇತ ಕತ್ತರಿಸಿದ ಮೀನು ಸುಮಾರು 400 ಗ್ರಾಂ, ಅಂದರೆ ಬೆರಳಿನ ದಪ್ಪದ ನಾಲ್ಕು ತುಂಡು. ಮಧ್ಯಮ ಗಾತ್ರದ ಎರಡು ಬಟಾಟೆ, ಒಂದು ನುಗ್ಗೆಕಾಯಿ, ಒಂದು ಹಿಡಿ ಬೀನ್ಸ್, ಒಂದು ಈರುಳ್ಳಿ, ಎರಡು ಟೊಮೆಟೊ, ಏಳೆಂಟು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಕರಿಬೇವು, ಸಣ್ಣ ನೆಲ್ಲಿಕಾಯಿಯಷ್ಟು ಹುಣಸೆಹಣ್ಣು. ಬ್ಯಾಡಗಿ ಮೆಣಸಿನ ಪುಡಿ ಎರಡು ಚಮಚ, ಕೊತ್ತಂಬರಿ ಪುಡಿ ಒಂದೂವರೆ ಚಮಚ, ಅರಿಸಿನ ಅರ್ಧ ಚಮಚ. ಚಮಚವೆಂದರೆ ಚಹಾ ಚಮಚ.

ಮನೆಗೆ ಬಂದ ಕೂಡಲೇ, ಬಟ್ಟೆ ಬದಲಿಸುವುದಕ್ಕೂ ಮೊದಲು, ಮೀನಿಗೆ ಉಪ್ಪು, ಅರಿಸಿನ, ಒಂದು ಚಮಚ ಮೆಣಸಿನ ಪುಡಿ ಸವರಿ ಬದಿಗಿಡಿ. ಹುಣಸೆಹಣ್ಣು ಅರ್ಧ ಲೋಟ ಬಿಸಿನೀರಿನಲ್ಲಿ ನೆನೆಯಲಿ. ಸ್ನಾನ ಮುಗಿಸಿ ಬರುವಾಗ ಎರಡೂ ಸಿದ್ಧ.

ಬಾಣಲೆಗೆ ಮೂರು ದೊಡ್ಡ ಚಮಚ ತೆಂಗಿನೆಣ್ಣೆ ಹಾಕಿ, ಜಜ್ಜಿದ ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದ ಮೇಲೆ ಕರಿಬೇವು, ಉದ್ದಕ್ಕೆ ಹೆಚ್ಚಿದ ಈರುಳ್ಳಿ ಹಾಕಿ. ಈರುಳ್ಳಿ ಮೆತ್ತಗಾದ ಮೇಲೆ ತೆಳ್ಳಗೆ ಬಿಲ್ಲೆ ಮಾಡಿದ ಬಟಾಟೆ, ನುಗ್ಗೆ, ಬೀನ್ಸ್, ತರಕಾರಿಗೆ ಬೇಕಾದಷ್ಟು ಉಪ್ಪು, ಉಳಿದ ಮೆಣಸಿನ ಪುಡಿ, ಕೊತ್ತಂಬರಿ ಪುಡಿ. ಒಂದು ನಿಮಿಷ ಮಗುಚಿ ಒಂದು ಲೋಟ ನೀರು ಹೊಯ್ದು ಮುಚ್ಚಿ. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ. ಚಾಕುವಿನ ಮೊನೆ ಬಟಾಟೆಯೊಳಗೆ ತಡೆಯಿಲ್ಲದೆ ಇಳಿಯಬೇಕು. ಇಳಿಯದಿದ್ದರೆ ಇನ್ನೂ ಎರಡು ನಿಮಿಷ ಕೊಡಿ. ಇಲ್ಲಿ ಅವಸರ ಮಾಡಿದರೆ ಮುಂದೆ ಸರಿಪಡಿಸುವ ದಾರಿಯಿಲ್ಲ.

ಆಮೇಲೆ ಹೆಚ್ಚಿದ ಟೊಮೆಟೊ, ಸೀಳಿದ ಹಸಿಮೆಣಸು, ಹುಣಸೆರಸ. ಮೂರ್ನಾಲ್ಕು ನಿಮಿಷ ಚೆನ್ನಾಗಿ ಕುದಿದು ಹಸಿವಾಸನೆ ಹೋಗಲಿ. ಉರಿ ಸಣ್ಣ ಮಾಡಿ, ಮೀನಿನ ತುಂಡುಗಳನ್ನು ತರಕಾರಿಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿ, ರಸವನ್ನು ಚಮಚದಿಂದ ಮೇಲೆ ಹನಿಸಿ ಮುಚ್ಚಿ. ಏಳೆಂಟು ನಿಮಿಷ ಸಾಕು. ಒಲೆ ಆರಿಸಿದ ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ ಮೇಲಿನಿಂದ ಬಿಟ್ಟು, ಮುಚ್ಚಳ ತೆಗೆಯದೆ ಐದು ನಿಮಿಷ ಬಿಡಿ. ಈ ಐದು ನಿಮಿಷದಲ್ಲಿ ಮೀನು ಹುಳಿಖಾರ ಹೀರಿಕೊಳ್ಳುತ್ತದೆ.

ಮೀನನ್ನು ಕೊನೆಗೆ ಏಕೆ? ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಆಗದೇ?

ಆಗದು. ಮೀನಿನ ಮಾಂಸದ ಎಳೆಗಳು ಗಿಡ್ಡ. ಅವನ್ನು ಹಿಡಿದಿಟ್ಟಿರುವ ಅಂಗಾಂಶ ಕೋಳಿ, ಕುರಿಗಳಿಗಿಂತ ಬಹಳ ತೆಳು. ಕಡಿಮೆ ಬಿಸಿಗೇ ಅದು ಕರಗಿ ಮೀನು ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಬಟಾಟೆ ಬೇಯುವಷ್ಟು ಹೊತ್ತು ಮೀನು ಕುದಿದರೆ ಉಳಿಯುವುದು ಮುಳ್ಳು ಮತ್ತು ಒಣಗಿದ ನಾರು. ಒಂದು ಇಂಚು ದಪ್ಪದ ತುಂಡಿಗೆ ಸುಮಾರು ಹತ್ತು ನಿಮಿಷ ಎಂಬ ಲೆಕ್ಕ ನೆನಪಿನಲ್ಲಿರಲಿ. ನಡುಮುಳ್ಳಿನ ಹತ್ತಿರ ಚಮಚದ ತುದಿಯಿಂದ ಬಿಡಿಸಿ ನೋಡಿ: ಒಳಗೆ ಗಾಜಿನಂತೆ ಹೊಳೆಯುತ್ತಿದ್ದರೆ ಇನ್ನೂ ಬೇಯಬೇಕು, ಹಾಲುಬಿಳಿಯಾಗಿ ಮುಳ್ಳು ಬಿಟ್ಟರೆ ಆಯಿತು.

ಅರ್ಧ ಗಂಟೆ ಬೇಯಿಸಿದರೂ ಬಟಾಟೆ ಗಟ್ಟಿಯಾಗಿಯೇ ಉಳಿಯಿತು. ಬಟಾಟೆ ಕೆಟ್ಟದ್ದೇ?

ಬಟಾಟೆಯದು ತಪ್ಪಿಲ್ಲ, ಹುಳಿ ಮೊದಲೇ ಬಿದ್ದಿದೆ. ತರಕಾರಿಯ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಹುಳಿಯಿದ್ದಾಗ ಸುಲಭವಾಗಿ ಕರಗುವುದಿಲ್ಲ. ಹುಣಸೆ, ಟೊಮೆಟೊ, ಕೋಕಂ ಯಾವುದೇ ಇರಲಿ, ಬಟಾಟೆ ಬೆಂದ ಮೇಲೆಯೇ ಬಾಣಲೆಗೆ ಇಳಿಯಬೇಕು. ಸಾಂಬಾರು ಮಾಡುವಾಗ ತರಕಾರಿ ಬೆಂದ ಮೇಲೆ ಹುಳಿ ಹಾಕುವ ಕ್ರಮವೂ ಇದೇ ಕಾರಣಕ್ಕೆ.

ಬೇರೆ ಯಾವ ತರಕಾರಿ ಹಾಕಬಹುದು?

ಬದನೆ, ಹೂಕೋಸು, ಮೂಲಂಗಿ, ಸುವರ್ಣಗಡ್ಡೆ ಎಲ್ಲವೂ ಒಗ್ಗುತ್ತವೆ. ದೊಣ್ಣೆಮೆಣಸಿನಕಾಯಿಯನ್ನು ಟೊಮೆಟೊ ಜೊತೆ ಹಾಕಿ, ಬೇಗ ಬೇಯುತ್ತದೆ. ಬೆಂಡೆಕಾಯಿಯನ್ನು ಮೊದಲು ಎಣ್ಣೆಯಲ್ಲಿ ಬಾಡಿಸಿದರೆ ಲೋಳೆ ಬಿಡುವುದಿಲ್ಲ. ಸೋರೆ, ಹೀರೆ ತಾವಾಗಿಯೇ ನೀರು ಬಿಡುವಂಥವು; ಅವನ್ನು ಹಾಕಿದ ದಿನ ನೀರು ಹೊಯ್ಯುವ ಅಗತ್ಯವಿಲ್ಲ.

ಇಲ್ಲಿ ಮೀನಿನ ಹೆಸರುಗಳೇ ಬೇರೆ. ಏನೆಂದು ಕೇಳಬೇಕು?

ನಮ್ಮ ಅಂಜಲ್ ಇಲ್ಲಿ ಸುರ್ಮಯಿ. ಬಂಗುಡೆ ಬಾಂಗಡಾ. ಬೈಗೆ, ಅಂದರೆ ಮಂಗಳೂರಿನವರ ಬೂತಾಯಿ, ಇಲ್ಲಿ ತಾರ್ಲಿ. ಕಾಣೆಗೆ ಮುಡದುಶಿ ಎನ್ನುತ್ತಾರೆ. ಈ ಹೆಸರು ತಿಳಿಯದೆ ಎಷ್ಟೋ ಜನ ಮುಂಬಯಿಯಲ್ಲಿ ಕಾಣೆಯೇ ಸಿಗುವುದಿಲ್ಲ ಎಂದುಕೊಂಡಿದ್ದಾರೆ. ಮಾಂಜಿ ಪಾಪಲೇಟ್, ಚಟ್ಲಿ ಕೋಳಂಬಿ.

ಈ ಅಡುಗೆಗೆ ನನ್ನ ಮೊದಲ ಆಯ್ಕೆ ರಾವಸ. ಗಟ್ಟಿ ಮಾಂಸ, ದೊಡ್ಡ ಪದರ, ಸಣ್ಣ ಮುಳ್ಳಿನ ಕಾಟ ಕಡಿಮೆ. ಸುರ್ಮಯಿ ಅದರ ಬೆನ್ನಿಗೆ. ಕೈಯಲ್ಲಿ ಹಣ ಕಡಿಮೆಯಿದ್ದಾಗ ಬಾಂಗಡಾ ತನ್ನಿ, ಇಡಿಯಾಗಿಯೇ ಇಟ್ಟು ಎರಡೂ ಬದಿಯಲ್ಲಿ ಮೂರು ಮೂರು ಗೀರು ಹಾಕಿಸಿ. ಬಾಂಗಡಾ ಎಣ್ಣೆಯ ಮೀನು, ತರಕಾರಿಗೆ ಅದು ಕೊಡುವಷ್ಟು ರುಚಿಯನ್ನು ದುಬಾರಿ ಮೀನುಗಳು ಕೊಡಲಾರವು. ಅದರ ಜೊತೆ ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿದರೆ, ಅಂಕೋಲೆ, ಕಾರವಾರದ ಕಡೆಯವರಿಗೆ ಊರೇ ಬಂದಂತಾಗುತ್ತದೆ. ಇಲ್ಲಿನ ಅಂಗಡಿಯಲ್ಲಿ ತಿರಫಳ ಎಂದು ಕೇಳಿ. ಬೋಂಬಿಲ್ ಮಾತ್ರ ಈ ಬಾಣಲೆಗೆ ಬೇಡ. ಅದರ ಮಾಂಸದಲ್ಲಿ ನೀರೇ ಹೆಚ್ಚು, ತರಕಾರಿಯ ನಡುವೆ ಕರಗಿಹೋಗುತ್ತದೆ. ಅದನ್ನು ಭಾರ ಹೇರಿ ನೀರು ಹಿಂಡಿ ರವೆಯಲ್ಲಿ ಹೊರಳಿಸಿ ಹುರಿದು ತಿನ್ನಿ.

ಪಾಪಲೇಟ್ ಬಗ್ಗೆ ಒಂದು ಮಾತು. ಮಹಾರಾಷ್ಟ್ರ ಸರಕಾರ 2023ರಲ್ಲಿ ಅದನ್ನು ರಾಜ್ಯದ ಮೀನೆಂದು ಘೋಷಿಸಿತು. ಮರಿಗಳನ್ನೇ ಹಿಡಿದು ಮಾರಿ ಮಾರಿ ಅದು ಕಡಿಮೆಯಾಗುತ್ತಾ ಬಂದಿದೆ. ಅಂಗೈಗಿಂತ ಚಿಕ್ಕ ಪಾಪಲೇಟ್ ಅಗ್ಗಕ್ಕೆ ಸಿಕ್ಕಿತೆಂದು ದಯವಿಟ್ಟು ತರಬೇಡಿ. ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ನಾವೇ ತಿಂದು ಮುಗಿಸಿದರೆ ನಾಳೆ ಯಾರಿಗೂ ಇಲ್ಲ.

ತಾಜಾ ಮೀನನ್ನು ಗುರುತಿಸುವುದು ಹೇಗೆ? ರಾತ್ರಿ ಎಂಟಕ್ಕೆ ಕೊಂಡರೆ ಸರಿಯೇ?

ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ತಾನಾಗಿ ಏಳಬೇಕು. ವಾಸನೆ ಕಡಲಿನದಾಗಿರಬೇಕು, ಮೂಗಿಗೆ ಅಡರುವಂತಿರಬಾರದು. ಆದರೆ ಕತ್ತರಿಸಿಟ್ಟ ತುಂಡಿನಲ್ಲಿ ಕಣ್ಣೂ ಇಲ್ಲ, ಕಿವಿರೂ ಇಲ್ಲ. ರಾತ್ರಿಯ ಖರೀದಿಯ ಅಪಾಯ ಅಲ್ಲಿದೆ.

ನನಗೇ ಆದದ್ದನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಮೇ ತಿಂಗಳ ರಾತ್ರಿ, ದಾರಿಬದಿಯ ಒಂದು ಅಂಗಡಿಯಿಂದ ಕತ್ತರಿಸಿಟ್ಟಿದ್ದ ಸುರ್ಮಯಿ ತಂದು ಚೆನ್ನಾಗಿಯೇ ಬೇಯಿಸಿ ತಿಂದೆ. ನಾಲಗೆಯ ತುದಿಯಲ್ಲಿ ಸ್ವಲ್ಪ ಚುರುಗುಟ್ಟಿತು, ಮೆಣಸು ಹೆಚ್ಚಾಗಿದೆ ಎಂದುಕೊಂಡೆ. ಅರ್ಧ ಗಂಟೆಯೊಳಗೆ ಮುಖ ಕುತ್ತಿಗೆ ಕೆಂಪೇರಿ ಉರಿಯತೊಡಗಿತು, ತಲೆ ಸಿಡಿಯಿತು, ಎದೆ ಡವಗುಟ್ಟಿತು. ನನಗೆ ಮೀನಿನ ಅಲರ್ಜಿ ಬಂದಿದೆ, ಇನ್ನು ಜೀವನಪರ್ಯಂತ ಮೀನಿಲ್ಲ ಎಂದು ಅತ್ತಿದ್ದೆ. ವೈದ್ಯರು ನೋಡಿ, ಇದು ಅಲರ್ಜಿಯಲ್ಲ, ಹಿಸ್ಟಮಿನ್ ವಿಷ ಎಂದು ತಿಳಿಸಿದರು. ಬಂಗುಡೆ, ಅಂಜಲ್, ಟ್ಯೂನಾ, ಬೂತಾಯಿಯಂಥ ಮೀನುಗಳನ್ನು ಮಂಜುಗಡ್ಡೆಯಿಲ್ಲದೆ ಇಟ್ಟರೆ ಬ್ಯಾಕ್ಟೀರಿಯಾಗಳು ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಉಂಟುಮಾಡುತ್ತವೆ. ಒಮ್ಮೆ ಉಂಟಾದ ಮೇಲೆ ಅದು ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೂ ಹೋಗುವುದಿಲ್ಲ. ‘ಚೆನ್ನಾಗಿ ಬೇಯಿಸಿದರೆ ಏನೂ ಆಗದು’ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ತಿನ್ನುವಾಗ ನಾಲಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಉಸಿರಾಟಕ್ಕೆ ತೊಂದರೆಯೆನಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆದ್ದರಿಂದ ನನ್ನ ಸಲಹೆ: ಭಾನುವಾರ ಬೆಳಿಗ್ಗೆ ಕೊಳ್ಳಿ. ಮಂಜುಗಡ್ಡೆಯ ಮೇಲಿಟ್ಟ ಇಡೀ ಮೀನನ್ನು ಆರಿಸಿ, ಕಣ್ಣೆದುರೇ ಕತ್ತರಿಸಿಕೊಳ್ಳಿ, ಮನೆಗೆ ಬಂದು ತೊಳೆದು ನೀರು ಒರೆಸಿ ಒಂದೊಂದು ಊಟಕ್ಕೆ ಒಂದೊಂದು ಡಬ್ಬಿ ಮಾಡಿ. ಮರುದಿನದ್ದು ಫ್ರಿಜ್ಜಿನ ತಳದಲ್ಲಿ, 4 ಡಿಗ್ರಿ ಸೆಲ್ಸಿಯಸ್ ಒಳಗೆ. ಉಳಿದದ್ದು ಫ್ರೀಜರಿನಲ್ಲಿ. ಬೇಕಾದ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಡಬ್ಬಿಯನ್ನು ಫ್ರೀಜರಿನಿಂದ ಕೆಳಗಿನ ಅರೆಗೆ ಇಳಿಸಿದರೆ ಸಂಜೆ ಬರುವಾಗ ಮೀನು ಸಿದ್ಧ. ಅಡುಗೆಕಟ್ಟೆಯ ಮೇಲೆ ಬಿಟ್ಟು ಹೋಗಬೇಡಿ.

ಮೀನು ಮಾರುವವರ ಜೊತೆ ಮರಾಠಿಯಲ್ಲಿ ಹೇಗೆ ಮಾತನಾಡುವುದು?

ಮಾರುಕಟ್ಟೆಯಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಕೋಳಿ ಸಮುದಾಯದ ಹೆಂಗಸರು. ಈ ನಗರ ನಗರವಾಗುವುದಕ್ಕೂ ಮೊದಲು ಈ ದ್ವೀಪಗಳಲ್ಲಿ ಮೀನು ಹಿಡಿಯುತ್ತಿದ್ದ ಜನ ಅವರು. ‘ಮಾವಶಿ’ ಎಂದು ಕರೆಯಿರಿ. ನಮ್ಮಲ್ಲಿ ಚಿಕ್ಕಮ್ಮ ಎಂದಂತೆ. ‘ಸಾಫ್ ಕರೂನ್ ದ್ಯಾ’ ಎಂದರೆ ಶುಚಿ ಮಾಡಿ ಕತ್ತರಿಸಿ ಕೊಡುತ್ತಾರೆ. ತಲೆಯನ್ನು ಬಿಟ್ಟು ಬರಬೇಡಿ, ಈ ರಸಕ್ಕೆ ಸಾರ ಕೊಡುವುದೇ ಅದು. ಇಲ್ಲಿ ಬುಧವಾರ, ಶುಕ್ರವಾರ, ಭಾನುವಾರ ಮೀನಿನ ದಿನಗಳು, ನೂಕುನುಗ್ಗಲು ಹೆಚ್ಚು. ನಾಲ್ಕು ವಾರ ಒಬ್ಬರ ಹತ್ತಿರವೇ ಕೊಂಡು ನೋಡಿ, ಐದನೆಯ ವಾರ ‘ಇವತ್ತು ಇದು ಬೇಡ, ಅದನ್ನು ತೆಗೆದುಕೋ’ ಎಂದು ಅವರೇ ಹೇಳುತ್ತಾರೆ. ನನಗೆ ಮೀನು ನೋಡಲು ಕಲಿಸಿದ್ದು ಅಮ್ಮನಿಗಿಂತ ಹೆಚ್ಚಾಗಿ ಇಲ್ಲಿನ ಒಬ್ಬ ಮಾವಶಿ.

ಮೀನು ಪುಡಿಪುಡಿಯಾಗುತ್ತದೆ. ಏನು ಮಾಡಲಿ?

ಮೀನು ಬಿದ್ದ ಮೇಲೆ ಬಾಣಲೆಗೆ ಸೌಟು ಇಳಿಸಬೇಡಿ. ಬಟ್ಟೆಯಿಂದ ಬಾಣಲೆಯ ಎರಡೂ ಕಿವಿ ಹಿಡಿದು ಮೆಲ್ಲನೆ ತಿರುಗಿಸಿ, ರಸ ತಾನೇ ಎಲ್ಲ ಕಡೆ ಹರಿಯುತ್ತದೆ. ಊರಿನಲ್ಲಿ ಮಣ್ಣಿನ ಅಳಗೆಯನ್ನು ಹಾಗೆಯೇ ಅಲುಗಿಸುತ್ತಿದ್ದರು. ಬಡಿಸುವಾಗ ದೋಸೆ ಮಗುಚುವ ಸಟ್ಟುಗವನ್ನು ತರಕಾರಿಯ ಅಡಿಗೇ ತೂರಿಸಿ, ಮೀನನ್ನು ತರಕಾರಿಯ ಹಾಸಿಗೆ ಸಮೇತ ಎತ್ತಿ.

ಹುಣಸೆಯ ಬದಲು ಕೋಕಂ ಆಗುತ್ತದೆಯೇ?

ಧಾರಾಳವಾಗಿ. ಇಲ್ಲಿನ ಆಮಸೂಲ್ ಎಂದರೆ ನಮ್ಮ ಪುನರ್ಪುಳಿಯ, ಮುರುಗಲಿನ ಒಣಸಿಪ್ಪೆ. ನಾಲ್ಕೈದು ಸಿಪ್ಪೆ ತೊಳೆದು ಮೀನಿನ ಜೊತೆಗೇ ಹಾಕಿ. ನನ್ನ ಮಟ್ಟಿಗೆ ಬಾಂಗಡಾಕ್ಕೆ ಕೋಕಂ, ರಾವಸಕ್ಕೆ ಹುಣಸೆ. ಹುಳಿಗೆ ರುಚಿಯಾಚೆಗೂ ಒಂದು ಕೆಲಸವಿದೆ. ಮೀನು ಹಳತಾಗುತ್ತಾ ಬಂದಂತೆ ಅದರಲ್ಲಿ ಟ್ರೈಮೀಥೈಲಮೀನ್ ಎಂಬ ಕ್ಷಾರಗುಣದ ವಸ್ತು ಉಂಟಾಗುತ್ತದೆ, ನಾವು ಮೀನುವಾಸನೆ ಎನ್ನುವುದು ಇದನ್ನೇ. ಹುಳಿ ಅದನ್ನು ಕಟ್ಟಿಹಾಕುತ್ತದೆ, ಗಾಳಿಗೆ ಹಾರಲು ಬಿಡುವುದಿಲ್ಲ. ಹಾಗೆಂದು ಹುಳಿಯಲ್ಲಿ ಗಂಟೆಗಟ್ಟಲೆ ನೆನೆಸಿಡಬೇಡಿ, ಮಾಂಸ ಬಿಳಚಿಕೊಂಡು ಸುಣ್ಣದ ಉಂಡೆಯಂತಾಗುತ್ತದೆ.

ಯಾವ ಬಾಣಲೆ ಒಳ್ಳೆಯದು?

ಅಗಲವಾದದ್ದು, ತಳ ಚಪ್ಪಟೆಯಾದದ್ದು, ಸರಿಯಾಗಿ ಕೂರುವ ಮುಚ್ಚಳವಿರುವಂಥದ್ದು. ಮೀನಿನ ತುಂಡುಗಳು ಒಂದರ ಮೇಲೊಂದು ಬೀಳದಷ್ಟು ಅಗಲ ಬೇಕು. ದಪ್ಪ ತಳದ ಸ್ಟೀಲ್ ನನಗೆ ಹಿಡಿಸಿದೆ. ಕಬ್ಬಿಣದ್ದಾದರೆ ಹುಣಸೆ, ಟೊಮೆಟೊ ಹುಳಿಗೆ ರಸ ಕಪ್ಪಾಗಿ ಲೋಹದ ರುಚಿ ಬರುತ್ತದೆ, ಅದನ್ನು ಮೀನು ಹುರಿಯಲು ಇಟ್ಟುಕೊಳ್ಳಿ.

ತೆಂಗಿನಕಾಯಿ ಬೇಡವೇ? ಅಂಗಡಿಯ ಮಸಾಲೆ ಪುಡಿ ಹಾಕಬಹುದೇ?

ಅರೆಯಲು ಮಿಕ್ಸಿ ಇಲ್ಲದವರಿಗಾಗಿ ತೆಂಗಿನಕಾಯಿ ಬಿಟ್ಟಿದ್ದೇನೆ. ಬೇಕೆನಿಸಿದರೆ ಪ್ಯಾಕೆಟ್ಟಿನ ತೆಂಗಿನ ಹಾಲು ಅರ್ಧ ಲೋಟ, ಒಲೆ ಆರಿಸುವ ಎರಡು ನಿಮಿಷ ಮೊದಲು. ಆಮೇಲೆ ಜೋರಾಗಿ ಕುದಿಸಿದರೆ ಒಡೆಯುತ್ತದೆ. ಮಾಲವಣಿ ಮಸಾಲೆ ಹಾಕುವುದಾದರೆ ಒಂದು ಚಮಚ ಸಾಕು. ಅದರಲ್ಲಿ ಲವಂಗ, ಚೆಕ್ಕೆಯಂಥ ಬಿಸಿ ಮಸಾಲೆಗಳಿವೆ, ಹೆಚ್ಚಾದರೆ ತರಕಾರಿಯ ರುಚಿ ಮುಳುಗಿಹೋಗುತ್ತದೆ. ಬ್ಯಾಡಗಿ ಮೆಣಸು ಮುಂಬಯಿಯ ಲಾಲ್‌ಬಾಗಿನ ಮಸಾಲೆ ಅಂಗಡಿಗಳಲ್ಲಿ ಸಿಗುತ್ತದೆ. ಬಣ್ಣ ಹೆಚ್ಚು, ಖಾರ ಹದ.

ಮಳೆಗಾಲದಲ್ಲಿ ಮೀನು ಸಿಗುವುದಿಲ್ಲವಲ್ಲ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಡುವ ಕಾಲ ಅದು, ಕಡಲೂ ಒರಟು. ಆಗ ಮಾರುಕಟ್ಟೆಯಲ್ಲಿರುವುದು ಹೆಚ್ಚಾಗಿ ಸಿಹಿನೀರಿನ ರೋಹು, ಕಟ್ಲಾ, ಇಲ್ಲವೇ ಶೀತಲಗೃಹದ ಮೀನು. ನಾನಾದರೆ ಆ ಎರಡು ತಿಂಗಳು ಇದೇ ಬಾಣಲೆಯಲ್ಲಿ, ಇದೇ ತರಕಾರಿಗೆ, ಒಂದು ಹಿಡಿ ಒಣ ಸಿಗಡಿ ಹುರಿದು ಹಾಕುತ್ತೇನೆ. ಅದರಲ್ಲಿ ಉಪ್ಪಿರುತ್ತದೆ, ತರಕಾರಿಗೆ ಉಪ್ಪು ಕಡಿಮೆ ಹಾಕಿ. ನಾರಳಿ ಪೂರ್ಣಿಮೆಯ ದಿನ ಕೋಳಿ ಜನ ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ; ಆಮೇಲೆ ಬರುವ ಹೊಸ ಮೀನಿನ ರುಚಿಗೆ ಕಾಯುವುದರಲ್ಲೂ ಸುಖವಿದೆ.

ನಮ್ಮ ಮಹಡಿಯಲ್ಲಿ ಸಸ್ಯಾಹಾರಿಗಳೇ ಹೆಚ್ಚು. ವಾಸನೆಯದು ದೊಡ್ಡ ಚಿಂತೆ.

ಮೀನು ಹುರಿಯುವಾಗ ಏಳುವ ಹೊಗೆಯಷ್ಟು ವಾಸನೆ ಮುಚ್ಚಿ ಬೇಯಿಸುವಾಗ ಬರುವುದಿಲ್ಲ. ಈ ಅಡುಗೆಯನ್ನು ಬಾಡಿಗೆ ಕೋಣೆಯವರಿಗೆ ಹೇಳಿಕೊಡಲು ಅದೂ ಒಂದು ಕಾರಣ. ಕಿಟಕಿ ತೆರೆದಿಡಿ, ಹೊರಬಾಗಿಲು ಮುಚ್ಚಿಡಿ. ಮೀನು ತೊಳೆದ ನೀರು ಸಿಂಕಿನಲ್ಲಿ ನಿಲ್ಲದಿರಲಿ. ಮುಳ್ಳು, ಸಿಪ್ಪೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅದೇ ರಾತ್ರಿ ಕೆಳಗಿನ ಕಸದ ಡಬ್ಬಿಗೆ ಹಾಕಿ ಬನ್ನಿ. ಬೆಳಿಗ್ಗೆಯವರೆಗೆ ಬಾಗಿಲ ಹೊರಗಿಟ್ಟರೆ ದೂರು ಬರುವುದು ಸಹಜ.

ಮೀನು ತಿಂದ ಮೇಲೆ ಮೊಸರು ತಿಂದರೆ ತೊನ್ನು ಬರುತ್ತದೆಯೇ?

ಬರುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ತೊನ್ನು ಉಂಟಾಗುತ್ತದೆ, ಊಟದ ಜೋಡಣೆಯಿಂದಲ್ಲ. ಮನೆಯ ಹಿರಿಯರ ಪದ್ಧತಿಯನ್ನು ಪಾಲಿಸುವವರು ಮೊಸರು ಬಿಡಲಿ, ತೊಂದರೆಯೇನಿಲ್ಲ. ಗರ್ಭಿಣಿಯರು ಗಮನಿಸಬೇಕಾದ ಸಂಗತಿ ಬೇರೆಯಿದೆ: ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ. ಅವರು ಬಾಂಗಡಾ, ತಾರ್ಲಿಯಂಥ ಸಣ್ಣ ಮೀನು ಆರಿಸಿಕೊಂಡು ವೈದ್ಯರನ್ನೂ ಒಂದು ಮಾತು ಕೇಳುವುದು ಒಳ್ಳೆಯದು.

ಉಳಿದದ್ದನ್ನು ಮರುದಿನ ಡಬ್ಬಿಗೆ ಒಯ್ಯಬಹುದೇ?

ರಾತ್ರಿ ಊಟ ಮುಗಿದ ಕೂಡಲೇ ಫ್ರಿಜ್ಜಿಗೆ ಹೋಗಿದ್ದರೆ ಒಯ್ಯಬಹುದು. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಮೇ ತಿಂಗಳ ಸೆಕೆಯಲ್ಲಿ ಒಂದು ಗಂಟೆಯೂ ಹೆಚ್ಚೇ. ನಿನ್ನೆಯ ಮೀನಿಗೆ ಇಂದಿಗಿಂತ ರುಚಿ ಹೆಚ್ಚು ಎಂಬುದು ಕರಾವಳಿಯವರೆಲ್ಲ ಬಲ್ಲ ಮಾತು. ತಿನ್ನುವಷ್ಟನ್ನೇ ಒಮ್ಮೆ ಮಾತ್ರ, ಹಬೆಯಾಡುವವರೆಗೆ ಬಿಸಿ ಮಾಡಿ.

ಅನ್ನಕ್ಕೆ ಇನ್ನೊಂದು ಪಾತ್ರೆ ಬೇಕಲ್ಲ?

ಕುಚ್ಚಲಕ್ಕಿ ಅನ್ನದ ಜೊತೆಗೇ ಇದು ಸೊಗಸು, ನಿಜ. ಆದರೆ ಅದು ಬೇಯಲು ಮುಕ್ಕಾಲು ಗಂಟೆ ಬೇಕು. ವಾರದ ದಿನ ಕೆಳಗಿನ ಬೇಕರಿಯಿಂದ ನಾಲ್ಕು ಪಾವ್ ತನ್ನಿ. ಮೀನು ಇಳಿಸಿದ ಮೇಲೆ ಬಾಣಲೆಯ ಅಂಚಿನಲ್ಲಿ ಉಳಿದ ರಸಕ್ಕೆ ಪಾವ್ ಒತ್ತಿ ಬಿಸಿ ಮಾಡಿಕೊಳ್ಳಿ. ರಸದಲ್ಲಿ ಅದ್ದಿದ ಬಟಾಟೆ, ಒಂದು ಎಸಳು ರಾವಸ, ಮೆತ್ತನೆಯ ಪಾವ್ ಒಟ್ಟಿಗೆ ಬಾಯಿಗೆ ಹೋದಾಗ ಅನ್ನ ಇಲ್ಲವೆಂಬ ಕೊರತೆ ನನಗೆ ಒಮ್ಮೆಯೂ ಕಾಡಿಲ್ಲ.

ಬಾಣಲೆಯ ವಾಸನೆ ಹೋಗುವುದೇ ಇಲ್ಲ. ಹೇಗೆ ತೊಳೆಯಲಿ?

ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಬಿದ್ದರೆ ಮೀನಿನ ಅಂಶ ಪಾತ್ರೆಗೆ ಇನ್ನಷ್ಟು ಅಂಟುತ್ತದೆ. ಹುಣಸೆ ಹಿಂಡಿ ಉಳಿದ ಚರಟವನ್ನು ಎಸೆಯದೆ ಅದರಿಂದಲೇ ಉಜ್ಜಿ ಎರಡು ನಿಮಿಷ ಬಿಡಿ, ಆಮೇಲೆ ಸಾಬೂನು. ಅದೇ ಚರಟದಿಂದ ಕೈಯನ್ನೂ ತಿಕ್ಕಿಕೊಳ್ಳಿ.